ಉಗಿಬಂಡಿಯ ಬಿಳಿ ಹೊಗೆ ‘ಬರೀ ನೀರು’: ಈ ಫಾರ್ವರ್ಡ್ ಎಷ್ಟು ನಿಜ?

ರಜೆ ಬಂತೆಂದರೆ ನಮ್ಮ ಇನ್‌ಬಾಕ್ಸಿಗೆ ರೈಲಿನ ವಿಡಿಯೊಗಳೂ ಬರುತ್ತವೆ. ಊಟಿಯ ಬೆಟ್ಟದ ರೈಲು, ಮೈಸೂರಿನ ರೈಲು ಮ್ಯೂಸಿಯಂ, ಯಾವುದೋ ಪಾರ್ಕಿನ ಪುಟಾಣಿ ರೈಲು. ದಾವಣಗೆರೆಯ ಆನೆಕೊಂಡದಿಂದ ಓದುಗರೊಬ್ಬರು ಇಂಥದ್ದೇ ಒಂದನ್ನು ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ಬುಸ್ಸೆಂದು ಬಿಳಿ ಮೋಡ ಬಿಡುತ್ತಿರುವ ಎಂಜಿನ್, ಅದರ ಪಕ್ಕ ನಿಂತು ಫೋಟೊಗೆ ಪೋಸು ಕೊಡುತ್ತಿರುವ ಮಕ್ಕಳು. ಕೆಳಗಿನ ಸಾಲು ಹೀಗಿದೆ: ಇದು ಹೊಗೆಯಲ್ಲ, ಬರೀ ನೀರಿನ ಆವಿ, ಹತ್ತಿರ ನಿಂತರೂ ಏನೂ ಆಗುವುದಿಲ್ಲ.

ಈ ಮಾತಿನ ಅರ್ಧ ನಿಜ. ಉಳಿದರ್ಧ ಮಕ್ಕಳ ಕಾಲು ಸುಡುವಂಥದ್ದು.

ಮೊದಲು ನಿಜದ ಭಾಗ. ಉಗಿಬಂಡಿಯ ಚಿಮಣಿಯಿಂದ ಎರಡು ಬಗೆಯ ವಸ್ತು ಒಟ್ಟಿಗೆ ಬರುತ್ತದೆ. ಬೆಂಕಿಗೂಡಿನ ಹೊಗೆ ಒಂದು, ಕೆಲಸ ಮುಗಿಸಿದ ಉಗಿ ಇನ್ನೊಂದು. ಕಲ್ಲಿದ್ದಲು ಸರಿಯಾಗಿ ಉರಿಯದಿದ್ದರೆ ಹೊಗೆ ಕಪ್ಪಾಗುತ್ತದೆ. ಚೆನ್ನಾಗಿ ಉರಿದರೆ ಬಿಳಿ ಮೋಡವೇ ಎದ್ದು ಕಾಣುತ್ತದೆ. ಹಾಗೆಂದು ಹೊಗೆ ಇಲ್ಲವೆಂದಲ್ಲ. ಅದರ ಅನಿಲಗಳು ಬಿಳಿ ಮೋಡದ ಜೊತೆಯಲ್ಲೇ ಹೋಗುತ್ತಿರುತ್ತವೆ. ಹರಿಹರ, ದಾವಣಗೆರೆ ಕಡೆಯಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ, ಕಿಟಕಿ ಪಕ್ಕ ಕೂತು ಕಣ್ಣಿಗೆ ಇದ್ದಿಲ ಪುಡಿ ಬಿದ್ದ ಕಥೆ ಹೇಳುತ್ತಾರೆ.

ಇನ್ನು ಆ ಬಿಳಿ ಮೋಡ. ನಮ್ಮಲ್ಲಿ ಬಹಳ ಮಂದಿ ಅದನ್ನೇ ಉಗಿ ಎಂದುಕೊಂಡಿದ್ದೇವೆ. ನಿಜವಾದ ಉಗಿ ಕಣ್ಣಿಗೆ ಕಾಣುವುದೇ ಇಲ್ಲ. ಕುಕ್ಕರ್ ಕೂಗುವಾಗ ದೂರದಿಂದ ಗಮನಿಸಿ. ವಿಷಲ್‌ಗೆ ತಾಗಿದ ಜಾಗದಲ್ಲಿ ಏನೂ ಇಲ್ಲದಂತೆ ಕಾಣುತ್ತದೆ, ಒಂದೆರಡು ಬೆರಳು ದೂರದಲ್ಲಿ ಬಿಳುಪು ಶುರುವಾಗುತ್ತದೆ. ಆ ಖಾಲಿ ಜಾಗವೇ ಉಗಿ. ಬಿಳಿಯದ್ದು ಉಗಿ ತಣಿದು ಆದ ಸಣ್ಣ ನೀರಹನಿಗಳು. ಅಂದರೆ ಕಾಣುವ ಭಾಗ ಆಗಲೇ ತಣ್ಣಗಾಗತೊಡಗಿದೆ, ಹೆಚ್ಚು ಸುಡುವ ಭಾಗ ಕಾಣುತ್ತಿಲ್ಲ. ಚಿಮಣಿಯಿಂದ ಮೇಲೇರಿ, ಗಾಳಿಯಲ್ಲಿ ತೇಲಿ ಬಂದು ಮುಖಕ್ಕೆ ತಾಗುವ ಬಿಳಿ ಮೋಡ ಸುಡುವುದಿಲ್ಲ, ಒದ್ದೆ ಮಾಡುತ್ತದೆ ಅಷ್ಟೆ. ಫಾರ್ವರ್ಡ್ ಬರೆದವರು ಬಹುಶಃ ಇದನ್ನು ಕಂಡೇ ಬರೆದಿರಬೇಕು.

ಆದರೆ ಉಗಿ ಹೊರಬರುವುದು ಚಿಮಣಿಯಿಂದ ಮಾತ್ರವಲ್ಲ. ಎಂಜಿನ್ ನಿಂತಾಗ ಸಿಲಿಂಡರಿನೊಳಗೆ ಉಗಿ ತಣಿದು ನೀರು ಕಟ್ಟಿಕೊಳ್ಳುತ್ತದೆ. ಇಲ್ಲಿ ಸಿಲಿಂಡರ್ ಎಂದರೆ ಪಿಸ್ಟನ್ ಓಡಾಡುವ ಕೊಳವೆ, ಅಡುಗೆ ಗ್ಯಾಸಿನದ್ದಲ್ಲ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ ಅದನ್ನು ಹಾಗೇ ಬಿಟ್ಟು ಹೊರಟರೆ ಸಿಲಿಂಡರೇ ಒಡೆಯಬಹುದು. ಅದಕ್ಕೆ ಚಾಲಕರು ಹೊರಡುವಾಗ ಸಿಲಿಂಡರಿನ ತಳದ ಸಣ್ಣ ನಲ್ಲಿಗಳನ್ನು ತೆರೆಯುತ್ತಾರೆ. ಆಗ ಬಿಸಿನೀರೂ ಉಗಿಯೂ ಚಕ್ರದ ಮಟ್ಟದಲ್ಲಿ ಅಡ್ಡಕ್ಕೆ ಚಿಮ್ಮುತ್ತವೆ. ವಿಡಿಯೊದಲ್ಲಿ ಮಕ್ಕಳನ್ನು ನಿಲ್ಲಿಸಿರುವುದು ಹೆಚ್ಚುಕಡಿಮೆ ಅಲ್ಲೇ. ನೋಡಲು ಚೆಂದದ ಕ್ಷಣವೂ ಅದೇ ಆದ್ದರಿಂದ ಎಲ್ಲರೂ ಮೊಬೈಲ್ ಹಿಡಿದು ಅಲ್ಲಿಗೇ ನುಗ್ಗುತ್ತಾರೆ. ಎಂಜಿನ್ ಹೊರಡುವ ಹೊತ್ತಿಗೆ ಅದರ ಮುಂಬದಿಯ ಪಕ್ಕ ಬಿಟ್ಟು, ಹಲವು ಹೆಜ್ಜೆ ಹಿಂದೆ ನಿಂತರೆ ವಿಡಿಯೊ ಇನ್ನೂ ಚೆನ್ನಾಗಿಯೇ ಬರುತ್ತದೆ.

ಉಗಿ ಬಿಸಿನೀರಿಗಿಂತ ಹೆಚ್ಚು ಸುಡುವುದೇಕೆ? ಲೆಕ್ಕ ಸರಳ. 100 ಡಿಗ್ರಿಯ ಒಂದು ಗ್ರಾಂ ನೀರು ಮೈಮೇಲೆ ಬಿದ್ದು 37 ಡಿಗ್ರಿಗೆ ಇಳಿದರೆ 63 ಕ್ಯಾಲೊರಿ ಶಾಖ ಬಿಡುತ್ತದೆ. ಅದೇ 100 ಡಿಗ್ರಿಯ ಒಂದು ಗ್ರಾಂ ಉಗಿ ಮೊದಲು ನೀರಾಗಬೇಕು, ಅದಕ್ಕೇ ಸುಮಾರು 540 ಕ್ಯಾಲೊರಿ ಬಿಡುತ್ತದೆ. ಆಮೇಲೆ ಆ 63 ಕೂಡ ಸೇರುತ್ತದೆ. ಒಟ್ಟು ಒಂಬತ್ತು ಪಟ್ಟಿಗೂ ಹೆಚ್ಚು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ಸುಟ್ಟರೆ ಏನು ಮಾಡಬೇಕು ಎಂಬುದರಲ್ಲೂ ಫಾರ್ವರ್ಡುಗಳದ್ದೇ ಕಾರುಬಾರು. ಟೂತ್‌ಪೇಸ್ಟ್, ಅರಿಶಿನ, ಇಂಕು, ಬೆಣ್ಣೆ ಯಾವುದೂ ಬೇಡ. ದಾವಣಗೆರೆಯವರಿಗೆ ಬೆಣ್ಣೆಯ ಮೇಲೆ ಅಭಿಮಾನ ಜಾಸ್ತಿ, ಅದು ದೋಸೆಗಿರಲಿ. ಸುಟ್ಟ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಐಸ್ ಇಡಬಾರದು. ಊತ ಬರುವ ಮೊದಲೇ ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಬೇಕು. ಒದ್ದೆಯಾದ ಬಟ್ಟೆಯನ್ನು ಬಿಚ್ಚಬೇಕು, ಚರ್ಮಕ್ಕೆ ಅಂಟಿದ್ದರೆ ಎಳೆಯಬಾರದು. ಬೊಬ್ಬೆ ಒಡೆಯಬಾರದು. ಮುಖ, ಕೈ, ಕೀಲು ಸುಟ್ಟಿದ್ದರೆ, ಇಲ್ಲವೇ ಸುಟ್ಟಿದ್ದು ಪುಟ್ಟ ಮಗುವಿಗಾದರೆ ನೇರ ಆಸ್ಪತ್ರೆಗೆ. 108ಕ್ಕೆ ಕರೆ ಮಾಡಬಹುದು.

ಎರಡನೆಯ ಫಾರ್ವರ್ಡ್ ಇದಕ್ಕಿಂತ ಹಳೆಯದು: ಹಳೆಯ ಎಂಜಿನ್ ಎಂದರೆ ಬಾಂಬು, ಬೆಂಕಿ ಜಾಸ್ತಿಯಾದರೆ ಸಿಡಿಯುತ್ತದೆ. ಬೆಂಕಿ ಜಾಸ್ತಿಯಾದರೆ ಸೇಫ್ಟಿ ವಾಲ್ವ್ ತೆರೆದು ಉಗಿ ಹೊರಹೋಗುತ್ತದೆ, ಅದಿರುವುದೇ ಅದಕ್ಕೆ. ಬಾಯ್ಲರುಗಳ ದೊಡ್ಡ ಶತ್ರು ಬೇರೆ. ನೀರು ಕಮ್ಮಿಯಾಗುವುದು. ಬೆಂಕಿಗೂಡಿನ ಚಾವಣಿಯ ಮೇಲೆ ಸದಾ ನೀರು ನಿಂತಿರಬೇಕು, ಆ ನೀರೇ ಲೋಹವನ್ನು ತಣ್ಣಗಿಡುತ್ತದೆ. ನೀರು ಇಳಿದು ಚಾವಣಿ ಬರಿದಾದರೆ ಲೋಹ ಕಾದು ಮೆತ್ತಗಾಗಿ, ಮೇಲಿನ ಒತ್ತಡಕ್ಕೆ ಕುಸಿಯುತ್ತದೆ. ಅದಕ್ಕೇ ಚಾಲಕರ ಎದುರಿಗೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರುತ್ತದೆ. ಅದನ್ನೂ ಮರೆತರೆಂದು ಚಾವಣಿಯಲ್ಲೇ ಸೀಸ ತುಂಬಿದ ಬಿರಡೆ ಕೂರಿಸಿರುತ್ತಾರೆ. ಸೀಸ 327 ಡಿಗ್ರಿಗೆ ಕರಗುತ್ತದೆ. ಕರಗಿದರೆ ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ.

ಈ ಬಿರಡೆಯ ತಮ್ಮ ನಿಮ್ಮ ಅಡುಗೆಮನೆಯಲ್ಲೂ ಇದ್ದಾನೆ. ಕುಕ್ಕರ್ ಮುಚ್ಚಳದ ಸಣ್ಣ ಸೇಫ್ಟಿ ವಾಲ್ವ್‌ನೊಳಗೆ, ಬೇಗ ಕರಗುವ ಲೋಹದ ತುಣುಕು ಇರುತ್ತದೆ. ನೀರು ಆರಿದರೆ, ಇಲ್ಲವೇ ವಿಷಲ್ ಕಟ್ಟಿಕೊಂಡು ಒಳಗೆ ಕಾವೇರಿದರೆ ಅದು ಕರಗಿ ದಾರಿ ಬಿಡುತ್ತದೆ. ಮತ್ತೆ ಮತ್ತೆ ಹೋಗುತ್ತದೆಂದು ಅಲ್ಲಿಗೆ ನಟ್ಟು ಬಿಗಿದವರನ್ನು, ಎಂ-ಸೀಲ್ ಮೆತ್ತಿದವರನ್ನು ನಾವು ಕಂಡಿದ್ದೇವೆ. ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಹೆಚ್ಚು ಒತ್ತಡ, 120 ಡಿಗ್ರಿ ಬಿಸಿ. 20 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು 300 ಕಿಲೋ ಮೀರುತ್ತದೆ. ಕ್ವಿಂಟಾಲಿನ ಮೂರು ಚೀಲ ಮೆಕ್ಕೆಜೋಳವನ್ನು ಒಳಗಿನಿಂದ ಹೇರಿದಂತೆ. ಮೀಟರ್‌ಗೇಜ್ ಕಾಲದ ವೈಪಿ ಎಂಜಿನ್ನಿನ ಬಾಯ್ಲರಿನಲ್ಲಿ ಇದರ ಹದಿನಾಲ್ಕು ಪಟ್ಟು ಒತ್ತಡವಿತ್ತು, ನೀರು ಸುಮಾರು 200 ಡಿಗ್ರಿಯಲ್ಲಿ ಕುದಿಯುತ್ತಿತ್ತು. ಅಂಥ ಬಾಯ್ಲರ್ ಒಡೆದರೆ ಅನಾಹುತ ಮಾಡುವುದು ಒಳಗಿರುವ ಉಗಿಗಿಂತ ಆ ನೀರು. ಒತ್ತಡ ಬಿಟ್ಟ ಕೂಡಲೇ ಅದರ ಐದನೇ ಒಂದು ಭಾಗ ಕ್ಷಣದಲ್ಲಿ ಉಗಿಯಾಗಿ, ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒತ್ತಡ ಇಳಿಯುವ ಮೊದಲೇ ಕುಕ್ಕರ್ ತೆರೆದಾಗ ಬೇಳೆ ಗೋಡೆಗೆ ಹಾರುವುದೂ ಇದೇ ಕಾರಣಕ್ಕೆ, ಪ್ರಮಾಣ ಚಿಕ್ಕದು.

ಕೆಟಲ್ ಮುಚ್ಚಳ ಕುಣಿಯುವುದನ್ನು ನೋಡಿ ಜೇಮ್ಸ್ ವಾಟ್ ಉಗಿ ಎಂಜಿನ್ ಕಂಡುಹಿಡಿದ ಎಂಬ ಕಥೆಯೂ ಇದರ ಜೊತೆಗೇ ಓಡಾಡುತ್ತದೆ. ವಾಟ್ ಹುಟ್ಟುವ ಮೊದಲೇ, 1712ರಲ್ಲಿ, ನ್ಯೂಕಾಮನ್‌ನ ಎಂಜಿನ್ ಗಣಿಯಿಂದ ನೀರೆತ್ತುತ್ತಿತ್ತು. ವಾಟ್ ಅದರ ಮಾದರಿಯೊಂದನ್ನು ರಿಪೇರಿ ಮಾಡುತ್ತ ಸುಧಾರಿಸಿದ. ಹಳಿಯ ಮೇಲೆ ಅದನ್ನು ಓಡಿಸಿ ತೋರಿಸಿದ್ದು 1804ರಲ್ಲಿ ಟ್ರೆವಿಥಿಕ್. ವಾಟ್‌ಗೆ ಹೆಚ್ಚು ಒತ್ತಡದ ಉಗಿ ಎಂದರೆ ಭಯವಿತ್ತು.

ಕೊನೆಗೆ ಆನೆಕೊಂಡದವರ ಇನ್ನೊಂದು ಪ್ರಶ್ನೆ: ಪಾರ್ಕಿನ ಪುಟಾಣಿ ರೈಲು ನಿಜವಾಗಿ ಉಗಿಯಿಂದ ಓಡುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಉಗಿಬಂಡಿಯ ವೇಷ, ಒಳಗೆ ಡೀಸೆಲ್ ಇಲ್ಲವೇ ಬ್ಯಾಟರಿ. ಮೈಸೂರು ಮ್ಯೂಸಿಯಂ 1979ರಲ್ಲಿ ಶುರುವಾಯಿತು, ಅಲ್ಲಿ ಸಾಲಾಗಿ ನಿಂತ ಹಳೆಯ ಎಂಜಿನ್ನುಗಳಲ್ಲಿ ಬೆಂಕಿಯಿಲ್ಲ, ಮಕ್ಕಳು ಮುಟ್ಟಿ ನೋಡಬಹುದು. ಊಟಿಯ ರೈಲಿನಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿನವರೆಗಿನ ಹಲ್ಲುಹಳಿಯ ಏರಿನಲ್ಲಿ ಉಗಿ ಎಂಜಿನ್, ಅಲ್ಲಿಂದ ಊಟಿಗೆ ಸಾಮಾನ್ಯವಾಗಿ ಡೀಸೆಲ್. ಆ ಉಗಿ ಎಂಜಿನ್ನುಗಳಲ್ಲೂ ಕೆಲವಕ್ಕೆ ಈಗ ಕಲ್ಲಿದ್ದಲಿಲ್ಲ, ಎಣ್ಣೆ ಉರಿಸುತ್ತಾರೆ.

ಪಾರ್ಕಿನ ವಿಡಿಯೊ ನೋಡಿಯೇ ಪತ್ತೆ ಮಾಡಬೇಕೆಂದರೆ ಕಿವಿ ಸಾಕು. ಚುಕುಬುಕು ಸದ್ದು ಚಕ್ರದ್ದಲ್ಲ, ಸಿಲಿಂಡರಿನಿಂದ ಉಗಿ ಚಿಮಣಿಗೆ ನುಗ್ಗುವ ಸದ್ದು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸಲ ಕೇಳಬೇಕು. ರೈಲು ನಿಧಾನವಾದರೂ ಸದ್ದು ಅದೇ ಲಯದಲ್ಲಿದ್ದರೆ ಅದು ಸ್ಪೀಕರಿನಿಂದ ಬರುತ್ತಿದೆ.