ಎಳೆಯ ತೋಳಿಗೂ ಒಂದು ಲೆಕ್ಕ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಮಾತನ್ನು ಕ್ರಿಕೆಟ್ ಆಡುವ ಹುಡುಗನ ತಂದೆಯಷ್ಟು ಬೇಗ ನಂಬುವವರು ಬೇರಿಲ್ಲ. 12 ವರ್ಷದ ಬಾಲಕ ವೇಗವಾಗಿ ಚೆಂಡೆಸೆದು ಒಂದೆರಡು ವಿಕೆಟ್ಟು ಉರುಳಿಸಿದರೆ ಸಾಕು, ಮನೆಯವರ ಕಣ್ಣಿಗೆ ಅವನು ಜಾವಗಲ್ ಶ್ರೀನಾಥರೇ! ಈ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಮೊಳಕೆಗೆ ಎಷ್ಟು ಭಾರ ಹೊರಿಸಬೇಕೆಂಬ ವಿವೇಚನೆಯೂ ಅದರ ಜೊತೆಗಿರಬೇಕಷ್ಟೆ.

ಆ ಶ್ರೀನಾಥರೇ ಭುಜದ ಗಾಯದಿಂದಾಗಿ 1997ರ ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡರು. ಅನಿಲ್ ಕುಂಬ್ಳೆಯವರು ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರ ಆಸ್ಟ್ರೇಲಿಯ ಸರಣಿಯಿಂದ ಹೊರಗುಳಿದರು. ಇಬ್ಬರೂ ಮೈ ಬಲಿತವರು, ತಜ್ಞವೈದ್ಯರ ಆರೈಕೆ ದೊರೆತವರು; ಮರಳಿ ಬಂದು ಆಡಿದರು. ಹೀಗಿರುವಾಗ ಎಲುಬು ಬಲಿಯದ ಹುಡುಗನ ಪಾಡೇನು?

ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಎಲುಬು ನೀಳವಾಗುವುದು ಅಲ್ಲಿಯೇ. ಕೀಲನ್ನು ಬಿಗಿದಿರುವ ನಾರಿನಂಥ ಕಟ್ಟುಗಳಿಗಿಂತಲೂ ಅದು ದುರ್ಬಲ. ಆದುದರಿಂದ ದೊಡ್ಡವರಲ್ಲಿ ಕಟ್ಟನ್ನು ನೋಯಿಸುವ ಸೆಳೆತ ಮಕ್ಕಳಲ್ಲಿ ಈ ಪದರವನ್ನೇ ಘಾಸಿಗೊಳಿಸುತ್ತದೆ. ವೇಗದ ಬೌಲಿಂಗಿನಲ್ಲಿ ಹೊರೆ ಬೀಳುವುದು ಭುಜಕ್ಕೆ ಮತ್ತು ಸೊಂಟಕ್ಕೆ. ಬೌಂಡರಿಯಿಂದ ತೋಳು ಮಡಚಿ ಬೀಸಿ ಎಸೆಯುವಾಗ ಮೊಳಕೈಗೆ. ಇದು ಬಹುಮಟ್ಟಿಗೆ ಒಂದು ಎಸೆತದಿಂದಾಗುವ ಕೇಡಲ್ಲ. ವಿಶ್ರಾಂತಿಯಿಲ್ಲದೆ ಕೂಡುತ್ತ ಹೋದ ನೂರಾರು ಎಸೆತಗಳಿಂದ ಆಗುವಂಥದು.

ಎಸೆತವೇ ಜೀವಾಳವಾದ ಬೇಸ್‌ಬಾಲ್ ಆಟದಲ್ಲಿ ಈ ಕೇಡು ಇನ್ನೂ ಹೆಚ್ಚು. ಅದನ್ನರಿತ ಅಮೆರಿಕೆಯ ಮಕ್ಕಳ ‘ಲಿಟಲ್ ಲೀಗ್’ ಸಂಸ್ಥೆ 2007ರಿಂದ ಎಸೆತಗಳನ್ನೇ ಎಣಿಸತೊಡಗಿತು. ಅಲ್ಲಿ 11–12 ವರ್ಷದವರಿಗೆ ದಿನಕ್ಕೆ 85 ಎಸೆತಗಳ ಮಿತಿಯುಂಟು. 66ನ್ನು ಮುಟ್ಟಿದರೆ ಈಗಿನ ನಿಯಮದಂತೆ ನಾಲ್ಕು ದಿನ ಬಿಡುವು.

ನಮ್ಮ ಇಳಕಲ್ಲಿನ ಬಯಲಿನಲ್ಲಿ ಎಣಿಸುವವರು ಯಾರು? ಪಂದ್ಯದ ಐದು ಓವರುಗಳೆಂದರೆ 30 ಚೆಂಡು. ಬೆಳಗಿನ ಅಭ್ಯಾಸ, ಸಂಜೆಯ ಓಣಿಯ ಆಟ, ನಡುನಡುವೆ ಫೀಲ್ಡಿಂಗಿನ ಎಸೆತ, ಇವು ಯಾವ ಪುಸ್ತಕಕ್ಕೂ ಏರವು. ರಾತ್ರಿ ಮಗ ಭುಜ ಒತ್ತಿಕೊಂಡರೆ ಎಣ್ಣೆ ತಿಕ್ಕಿ, ಮರುದಿನ ಮತ್ತೆ ಆಡಲು ಕಳಿಸುವುದೇ ವಾಡಿಕೆ. ಹಾಸಿನ ಒಂದು ಎಳೆ ಕಡಿದರೆ ನಮ್ಮೂರ ನೇಕಾರ ಮಗ್ಗ ನಿಲ್ಲಿಸುತ್ತಾನೆ. ಎಳೆ ಕೂಡಿಸಿದ ಮೇಲೆಯೇ ಲಾಳಿ ಓಡಿಸುತ್ತಾನೆ. ಸೀರೆಗೆ ಸಲ್ಲುವ ಈ ಎಚ್ಚರ ಮಗನ ತೋಳಿಗೆ ಬೇಡವೆ?

ಮೊಳಕೈಯ ಒಳಬದಿಯಲ್ಲಾಗಲಿ ಭುಜದಲ್ಲಾಗಲಿ ನೋವು ಮರುಕಳಿಸಿದರೆ ಎಸೆತ ನಿಲ್ಲಿಸಿ ಎಲುಬಿನ ವೈದ್ಯರಿಗೆ ತೋರಿಸತಕ್ಕದ್ದು. ಮೊದಲೇ ಕಂಡುಕೊಂಡರೆ ಹೆಚ್ಚಿನ ಮಕ್ಕಳಿಗೆ ವಿಶ್ರಾಂತಿಯಿಂದಲೇ ಗುಣವಾಗುತ್ತದೆ. ಅಲಕ್ಷಿಸಿದರೆ ತೋಳು ಪೂರ್ತಿ ಚಾಚದಂತೆಯೂ ಆದೀತು. ನಾಳೆ ಬರೆಯಬೇಕಾದ, ದುಡಿಯಬೇಕಾದ ಕೈಯೂ ಅದೇ ತಾನೆ!

ಆಡಿ ಬಂದ ಮಗನನ್ನು ‘ಎಷ್ಟು ವಿಕೆಟ್ ತಗದಿ?’ ಎಂದು ಕೇಳುವ ತಂದೆ, ‘ಇವತ್ತು ಎಷ್ಟು ಚೆಂಡು ಒಗದಿ, ತಮ್ಮಾ?’ ಎಂದೂ ಕೇಳಲಿ.