ಕಮ್ಮಾರನ ಮಗ ಬರೆದ ಸನ್ನದು

ಕಟ್ಟಡವಿಲ್ಲ, ಮೇಷ್ಟ್ರಿಲ್ಲ, ಒಬ್ಬ ವಿದ್ಯಾರ್ಥಿಯೂ ಇಲ್ಲ. ಆದರೂ 1785ರ ಜನವರಿ 27ರಂದು ಅಮೆರಿಕದ ಜಾರ್ಜಿಯಾದಲ್ಲಿ ಒಂದು ವಿಶ್ವವಿದ್ಯಾಲಯ ಹುಟ್ಟಿತು. ಆ ದೇಶದಲ್ಲಿ ರಾಜ್ಯ ಸರ್ಕಾರವೊಂದು ಸನ್ನದು ಕೊಟ್ಟ ಮೊದಲ ವಿಶ್ವವಿದ್ಯಾಲಯ ಅದೇ. ಸನ್ನದನ್ನು ಬರೆದವರು ಅಬ್ರಹಾಂ ಬಾಲ್ಡ್‌ವಿನ್. ಆಗ ಅವರಿಗೆ ಮೂವತ್ತರ ಪ್ರಾಯ. ಜಾರ್ಜಿಯಾಕ್ಕೆ ಬಂದು ಒಂದೆರಡು ವರ್ಷವೂ ಆಗಿರಲಿಲ್ಲ.

ಬಾಲ್ಡ್‌ವಿನ್ ಕನೆಕ್ಟಿಕಟ್‌ನ ಕಮ್ಮಾರರೊಬ್ಬರ ಮಗ. ಮಕ್ಕಳ ಓದಿಗಾಗಿ ಅಪ್ಪ ಸಾಲ ಮಾಡಿದ್ದರು. 1787ರಲ್ಲಿ ಅಪ್ಪ ತೀರಿಕೊಂಡಾಗ ಆ ಸಾಲ ತೀರಿಸಿ, ಮಲತಾಯಿಯ ಆರು ಮಕ್ಕಳನ್ನು ಓದಿಸುವ ಹೊಣೆಯನ್ನೂ ಹೊತ್ತರು. ಕೊನೆಯವರೆಗೂ ಮದುವೆಯಾಗಲಿಲ್ಲ. ಆ ತಮ್ಮಂದಿರಲ್ಲಿ ಹೆನ್ರಿ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅದೇ 1787ರಲ್ಲಿ ಬಾಲ್ಡ್‌ವಿನ್ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದರು. ನನಗೆ ಆ ಸಹಿಗಿಂತ ಮನೆಯ ಸಾಲದ ಕಥೆಯೇ ದೊಡ್ಡದಾಗಿ ಕಾಣುತ್ತದೆ. ಓದಿಗೆ ತೆರಬೇಕಾದ ಬೆಲೆ ಎಷ್ಟೆಂದು ಉಂಡು ಬಲ್ಲವರು ಅವರು.

ಜನ ತಮ್ಮನ್ನು ತಾವೇ ಆಳಿಕೊಳ್ಳುವ ನಾಡಿನಲ್ಲಿ ಅವರನ್ನು ಓದಿಸುವುದು ಸರ್ಕಾರದ ಕರ್ತವ್ಯ ಎಂಬ ನಂಬಿಕೆಯ ಮೇಲೆ ಆ ಸನ್ನದು ನಿಂತಿದೆ. ಯಾವ ಪಂಥದವರಾದರೂ ಸರಿ, ಧರ್ಮದ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು ಎಂದಿದೆ. ಬರೆದವರು ಸ್ವತಃ ಸೈನ್ಯದಲ್ಲಿ ಪಾದ್ರಿಯಾಗಿದ್ದವರು ಎಂಬುದನ್ನು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಆದರೆ ದುಡ್ಡು ಎಲ್ಲಿ? ರಾಜ್ಯ ತೆಗೆದಿಟ್ಟಿದ್ದು 40,000 ಎಕರೆ ಗಡಿಯಂಚಿನ ಕಾಡು. ಅದರಿಂದ ಬರುತ್ತಿದ್ದ ಹುಟ್ಟುವಳಿ ಯಾತಕ್ಕೂ ಸಾಲದು. ಹದಿನಾರು ವರ್ಷ ಬಾಲ್ಡ್‌ವಿನ್ ಪಾಠವೇ ನಡೆಯದ ವಿದ್ಯಾಲಯದ ಅಧ್ಯಕ್ಷರಾಗಿದ್ದರು. 1801ರಲ್ಲಿ, ಓಕೋನಿ ನದಿಯ ಬದಿಯಲ್ಲಿ ಜಾನ್ ಮಿಲೆಡ್ಜ್ ಎಂಬವರು ಕೊಂಡುಕೊಟ್ಟ 633 ಎಕರೆಯಲ್ಲಿ ತರಗತಿ ಶುರುವಾದಾಗ, ಯೇಲ್ ಕಾಲೇಜಿನಲ್ಲಿ ತಾವೇ ಪಾಠ ಹೇಳಿದ್ದ ಜೊಸಾಯ ಮೀಗ್ಸ್‌ಗೆ ಆ ಕುರ್ಚಿ ಬಿಟ್ಟುಕೊಟ್ಟರು. 1807ರಲ್ಲಿ ತೀರಿಕೊಳ್ಳುವಾಗ ಸೆನೆಟ್ ಸದಸ್ಯರಾಗಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಸಂವಿಧಾನ ಸಭೆಯಲ್ಲಿ ಗುಲಾಮರ ವ್ಯಾಪಾರಕ್ಕೆ ತಡೆ ಹಾಕುವ ಮಾತು ಬಂದಾಗ, ಅದು ಆಯಾ ರಾಜ್ಯದ ವಿಷಯವೆಂದು ಬಾಲ್ಡ್‌ವಿನ್ ಜಾರ್ಜಿಯಾದ ಪರ ನಿಂತರು. ಅವರ ವಿಶ್ವವಿದ್ಯಾಲಯದ ಬಾಗಿಲು ಕಪ್ಪು ಜನರಿಗೆ ತೆರೆದದ್ದು 1961ರ ಜನವರಿಯಲ್ಲಿ, ಅದೂ ನ್ಯಾಯಾಲಯದ ಆದೇಶದಿಂದ. ಷಾರ್ಲೇನ್ ಹಂಟರ್ ಮತ್ತು ಹ್ಯಾಮಿಲ್ಟನ್ ಹೋಮ್ಸ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಸೇರಿದ ವಾರದಲ್ಲೇ ಹಂಟರ್ ಇದ್ದ ಹಾಸ್ಟೆಲ್ ಮೇಲೆ ಕಲ್ಲು ಬಿದ್ದವು. ಇಬ್ಬರೂ ಓದು ಬಿಡಲಿಲ್ಲ. ಹಂಟರ್ ಹೆಸರಾಂತ ಪತ್ರಕರ್ತೆಯಾದರು, ಹೋಮ್ಸ್ ವೈದ್ಯರಾದರು. ಬಾಲ್ಡ್‌ವಿನ್ ಅವರನ್ನು ಗೌರವದಿಂದ ನೆನೆಯುವ ಈ ಪುಟದಲ್ಲಿ ಈ ಇಬ್ಬರ ಹೆಸರೂ ಇರಬೇಕು ಎಂಬುದು ನನ್ನ ಹಟ.