ಆರು ಬಾಯಿ, ಒಂದೇ ಕಿವಿ

ಮನೆಯ ಬೀಗ ತೆರೆಯದಿದ್ದರೆ ಏನು ಮಾಡುತ್ತಾರೆ? ಎರಡು ತೊಟ್ಟು ಎಣ್ಣೆ ಬಿಟ್ಟು, ಕೀಲಿಕೈಯನ್ನು ಸ್ವಲ್ಪ ಅಲ್ಲಾಡಿಸಿ, ಮತ್ತೆ ತಿರುಗಿಸುತ್ತಾರೆ. ಕೀಲಿಕೈ ತಿರುಗಿಸುವ ಅಗತ್ಯವೇ ಇಲ್ಲದ ಕಾರಿನ ಬಾಗಿಲು ತೆರೆಯದಿದ್ದರೆ ಎಣ್ಣೆ ಬಿಡುವುದು ಎಲ್ಲಿಗೆ?

ಅಮೆರಿಕದ ಷೆವರ್ಲೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಆರನೇ ಪೀಳಿಗೆಯನ್ನು ಹೊಂದಿರುವವರು ಇಂದು ಎದುರಿಸುವ ಪ್ರಶ್ನೆ ಇದು. ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ ತಯಾರಾದ ಈ ಪೀಳಿಗೆಯ ಕಾರುಗಳು 2005ರಿಂದ 2013ರವರೆಗಿನ ಮಾದರಿಗಳು. ಅವುಗಳ ಬಾಗಿಲಿಗೆ ಹೊರಗಡೆ ಹಿಡಿ ಇಲ್ಲ. ಒಂದು ತಗ್ಗಿನೊಳಗೆ ವಿದ್ಯುತ್ ಸ್ವಿಚ್ ಇದೆ. ಒಳಗಡೆಯೂ ಬಾಗಿಲು ತೆರೆಯುವುದು ಗುಂಡಿಯಿಂದಲೇ. ಎಂಜಿನ್ ಚಾಲೂ ಮಾಡುವುದಕ್ಕೂ ಗುಂಡಿ. ಕಾರಿನ ಒಡೆಯ ರಿಮೋಟ್ ಕೀಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಸಾಕು.

ಈ ಕಾರಿನ ಸುತ್ತ ಆರು ಪುಟ್ಟ ರೇಡಿಯೊ ಪ್ರೇಷಕಗಳಿವೆ. ಕಾರಿನೊಂದಿಗೆ ಕೊಡುವ ರಿಮೋಟ್ ಕೀಗಳು ಎರಡು. ನಾಲ್ಕು ಚಕ್ರಗಳ ಒಳಗೆ ಗಾಳಿಯ ಒತ್ತಡವನ್ನು ಅಳೆದು ತಿಳಿಸುವ ಸೆನ್ಸರ್‌ಗಳು ನಾಲ್ಕು. ಈ ಆರರ ಮಾತನ್ನೂ ಕೇಳಿಸಿಕೊಳ್ಳುವ ಗ್ರಾಹಕ, ಅಂದರೆ ರಿಸೀವರ್, ಮಾತ್ರ ಒಂದೇ. ಆರು ಬಾಯಿ, ಒಂದು ಕಿವಿ. ಕಾರು ಹಳೆಯದಾದಂತೆ ಬಾಯಿಗಳು ಒಂದೊಂದಾಗಿ ಮೂಕವಾಗುತ್ತವೆ. ಕೆಲವೊಮ್ಮೆ ಕಿವಿಯೇ ಕೆಡುತ್ತದೆ. ದೋಷ ಯಾವುದರಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ ಶಾಲೆಯ ಪ್ರಯೋಗಾಲಯದ್ದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಉಳಿದದ್ದನ್ನು ಇದ್ದ ಹಾಗೆಯೇ ಬಿಡಬೇಕು.

ಜೇಬಿನಲ್ಲಿರುವ ರೇಡಿಯೊ

ಮೊದಲ ಪರೀಕ್ಷೆಗೆ ಹಣ ಖರ್ಚಿಲ್ಲ. ಒಂದು ರಿಮೋಟ್ ಕೀ ಕೆಲಸ ಮಾಡದಿದ್ದರೆ ಮನೆಯಲ್ಲಿರುವ ಎರಡನೆಯದನ್ನು ತಂದು ಒತ್ತಿ ನೋಡುವುದು. ಎರಡನೆಯದು ಕೆಲಸ ಮಾಡಿದರೆ ಕಾರಿನ ಕಿವಿ ಸರಿಯಾಗಿದೆ, ದೋಷ ಮೊದಲನೆಯ ಕೀಯಲ್ಲಿದೆ ಎಂದು ಖಚಿತವಾಗುತ್ತದೆ.

ಹಾಗಾದರೆ ಮುಂದಿನ ಅನುಮಾನ ಅದರೊಳಗಿನ ಸೆಲ್ ಮೇಲೆ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. 'ಸಿ' ಎಂದರೆ ಲಿಥಿಯಮ್ ಮತ್ತು ಮ್ಯಾಂಗನೀಸ್ ಡೈ ಆಕ್ಸೈಡ್ ಬಳಸಿದ ಸೆಲ್, 'ಆರ್' ಎಂದರೆ ದುಂಡಗಿನ ಆಕಾರ. 20 ಎಂದರೆ ವ್ಯಾಸ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. 2025 ಎಂಬುದನ್ನು ತಂದು ತುರುಕಿದರೆ ಅದು 2.5 ಮಿಲಿಮೀಟರ್ ದಪ್ಪದ್ದಾದ್ದರಿಂದ ಒಳಗಿನ ಲೋಹದ ಪಟ್ಟಿಗೆ ಸರಿಯಾಗಿ ತಾಗುವುದಿಲ್ಲ.

ಮಲ್ಟಿಮೀಟರಿನಲ್ಲಿ ನೋಡಿದರೆ ಸೆಲ್ ಸುಮಾರು 3 ವೋಲ್ಟ್ ತೋರಿಸುತ್ತದೆ, ಆದರೂ ರಿಮೋಟ್ ಕೆಲಸ ಮಾಡುವುದಿಲ್ಲ. ಇದು ಹೇಗೆ? ಮೀಟರು ಸೆಲ್‌ನಿಂದ ಎಳೆಯುವ ವಿದ್ಯುತ್ ತೀರ ಕಡಿಮೆ. ಹಳೆಯ ಸೆಲ್‌ನ ಆಂತರಿಕ ರೋಧ ಹೆಚ್ಚಾಗಿರುತ್ತದೆ. ರಿಮೋಟ್ ನಿಜವಾಗಿ ಸಂಕೇತ ಕಳಿಸಲು ಹೊರಟಾಗ ಹೆಚ್ಚು ವಿದ್ಯುತ್ ಹರಿಯಬೇಕು. ಆಗ ಆಂತರಿಕ ರೋಧದಲ್ಲೇ ವೋಲ್ಟೇಜ್ ನಷ್ಟವಾಗಿ ಹೊರಗೆ ದೊರೆಯುವುದು ಕಡಿಮೆಯಾಗುತ್ತದೆ. ಕೂತಾಗ ಆರೋಗ್ಯವಾಗಿ ಕಾಣುವ ಮುದುಕ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ಹಾಗೆ. ಆದ್ದರಿಂದ ಮೀಟರಿನ ಮಾತನ್ನು ಪೂರ್ತಿ ನಂಬುವ ಬದಲು ಹೊಸ ಸೆಲ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಹೊಸ ಸೆಲ್ ಹಾಕಿದರೂ ಕೆಲಸ ಮಾಡದಿದ್ದರೆ? ಇಂಥ ರಿಮೋಟ್ ಪ್ರತಿ ಸಲ ಒತ್ತಿದಾಗಲೂ ಬೇರೆ ಬೇರೆ ಗುಪ್ತ ಸಂಖ್ಯೆಯನ್ನು ಕಳಿಸುತ್ತದೆ. ಕಳ್ಳನೊಬ್ಬ ಇಂದಿನ ಸಂಕೇತವನ್ನು ಕದ್ದು ಮುದ್ರಿಸಿಕೊಂಡರೂ ನಾಳೆ ಅದು ಉಪಯೋಗಕ್ಕೆ ಬಾರದು. ಮುಂದೆ ಯಾವ ಸಂಖ್ಯೆ ಬರಬೇಕೆಂಬುದು ಕಾರಿಗೂ ಗೊತ್ತು. ಕಾರು ದೂರದಲ್ಲಿರುವಾಗ ಮಗುವೊಂದು ಆಟಕ್ಕೆಂದು ನೂರಾರು ಸಲ ಗುಂಡಿ ಒತ್ತುತ್ತ ಕೂತರೆ ರಿಮೋಟ್ ಬಹಳ ಮುಂದೆ ಹೋಗಿಬಿಡುತ್ತದೆ, ಕಾರು ಹಿಂದೆಯೇ ಉಳಿಯುತ್ತದೆ. ಸ್ವಲ್ಪ ಅಂತರವನ್ನು ಕಾರು ಸಹಿಸಿಕೊಳ್ಳುತ್ತದೆ; ಅದನ್ನೂ ಮೀರಿದರೆ ಎರಡಕ್ಕೂ ಮತ್ತೆ ಪರಿಚಯ ಮಾಡಿಸಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ರಿಮೋಟ್ ತರಿಸಿಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ಅಮೆರಿಕದಲ್ಲಿ ಇಂಥ ಸಾಧನಗಳು ಸಾಮಾನ್ಯವಾಗಿ 315 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತವೆ, ಯುರೋಪಿನಲ್ಲಿ 433.92 ಮೆಗಾಹರ್ಟ್ಸ್. ಹೊರನೋಟಕ್ಕೆ ಎರಡೂ ಒಂದೇ ಥರ ಇರಬಹುದು. ಆದರೆ ಒಂದು ಕೇಂದ್ರಕ್ಕೆ ತಿರುಗಿಸಿಟ್ಟ ರೇಡಿಯೊದಲ್ಲಿ ಇನ್ನೊಂದು ಕೇಂದ್ರದ ವಾರ್ತೆ ಕೇಳಿಸುವುದುಂಟೇ?

ಸೆಲ್ ದುರ್ಬಲವಾಗಿ, ರಿಮೋಟ್ ಪತ್ತೆಯಾಗಿಲ್ಲ ಎಂದು ಕಾರು ಹೇಳಿದಾಗ ಎಂಜಿನ್ ಚಾಲೂ ಮಾಡಲು ತಯಾರಕರು ಒಂದು ದಾರಿ ಇಟ್ಟಿದ್ದಾರೆ. ಗ್ಲೋವ್ ಬಾಕ್ಸಿನ ಒಳಗೆ ಒಂದು ಸಣ್ಣ ಗೂಡು ಇದೆ. ರಿಮೋಟನ್ನು, ಗುಂಡಿಗಳು ಬಲಕ್ಕೆ ಬರುವಂತೆ ಅದರಲ್ಲಿ ಇಟ್ಟು ಚಾಲನೆಯ ಗುಂಡಿ ಒತ್ತಬೇಕು. ಅಷ್ಟು ಹತ್ತಿರದಲ್ಲಿ ರಿಮೋಟಿನ ಕ್ಷೀಣ ದನಿಯೂ ಕಾರಿಗೆ ಕೇಳಿಸುತ್ತದೆ.

ಚಕ್ರದೊಳಗಿನ ರೇಡಿಯೊ

ಟೈರಿನ ಗಾಳಿಯ ಮೇಲೆ ಕಣ್ಣಿಡುವ ವ್ಯವಸ್ಥೆ 1986ರ ಹೊತ್ತಿಗೆ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿ ಬಂದಿತ್ತು. ಅದು ಎಲ್ಲರ ಕಾರಿಗೂ ಬಂದುದರ ಹಿಂದೆ ದುಃಖದ ಕಥೆಯಿದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಹೊರಪದರ ಕಿತ್ತುಬಂದು ವಾಹನಗಳು ಮಗುಚಿ ಅನೇಕರು ಸತ್ತರು. ಕಂಪನಿ ಲಕ್ಷಾಂತರ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ದುರ್ಬಲವಾಗುತ್ತದೆ. ಅದೇ ವರ್ಷ ಅಲ್ಲಿನ ಸಂಸತ್ತು ಕಾಯಿದೆ ಮಾಡಿತು. 2007ರ ಸೆಪ್ಟೆಂಬರ್ ಹೊತ್ತಿಗೆ ಹೊಸ ಕಾರುಗಳೆಲ್ಲಕ್ಕೂ ಈ ವ್ಯವಸ್ಥೆ ಕಡ್ಡಾಯವಾಯಿತು. ಇರಬೇಕಾದ ಒತ್ತಡಕ್ಕಿಂತ ಶೇಕಡ 25ರಷ್ಟು ಕಡಿಮೆಯಾದರೆ ದೀಪ ಹೊತ್ತಿಕೊಳ್ಳಬೇಕು ಎಂಬುದು ನಿಯಮ.

ಕಾರ್ವೆಟ್‌ನಲ್ಲಿ ಇದು ಅದಕ್ಕೂ ಮೊದಲೇ ಇತ್ತು. ಏಕೆಂದರೆ 1997ರ ಐದನೇ ಪೀಳಿಗೆಯಿಂದಲೇ ಅದರಲ್ಲಿ ಸ್ಟೆಪ್ನಿ ಇಲ್ಲ. ಗಾಳಿ ಹೋದರೂ ಸ್ವಲ್ಪ ದೂರ ನಿಧಾನವಾಗಿ ಓಡಬಲ್ಲ ಗಟ್ಟಿ ಪಕ್ಕೆಯ ಟೈರುಗಳನ್ನು ಕೊಟ್ಟಿದ್ದರು. ಇಂಥ ಟೈರು ಗಾಳಿ ಹೋದರೂ ಕುಸಿದು ಕೂರುವುದಿಲ್ಲ. ಕಣ್ಣಿಗೂ ಕಾಣದು, ಕೈಗೂ ತಿಳಿಯದು. ಹೇಳುವವರು ಸೆನ್ಸರ್ ಮಾತ್ರ.

ಈ ಸೆನ್ಸರ್ ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಚಕ್ರದ ಒಳಗೆ ಕೂತಿರುತ್ತದೆ. ಅದರ ಸೆಲ್ಲನ್ನು ಅಂಟಿನಲ್ಲಿ ಹುದುಗಿಸಿರುವುದರಿಂದ ಬದಲಿಸಲಾಗದು. ಆಯುಸ್ಸು ಸುಮಾರು 7ರಿಂದ 10 ವರ್ಷ. ಹೀಗಾಗಿ ಹಳೆಯ ಕಾರಿನಲ್ಲಿ ಒಂದು ಸೆನ್ಸರ್ ಸತ್ತರೆ ಉಳಿದ ಮೂರೂ ಅದೇ ವಯಸ್ಸಿನವೆಂದು ನೆನಪಿಡಬೇಕು. ಟೈರು ಬಿಚ್ಚುವ ಕೂಲಿ ಪ್ರತಿ ಸಲವೂ ತೆರಬೇಕಾದ್ದರಿಂದ, ಹೊಸ ಟೈರು ಹಾಕಿಸುವಾಗ ನಾಲ್ಕನ್ನೂ ಬದಲಿಸುವುದು ಲಾಭಕರ.

ಸೆಲ್ ಉಳಿಸಲೆಂದು ನಿಂತ ಕಾರಿನಲ್ಲಿ ಸೆನ್ಸರ್ ನಿದ್ದೆ ಮಾಡುತ್ತದೆ. ಕಾರು ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗ ಮೀರಿದಾಗ ಚಕ್ರದ ಸುತ್ತುವಿಕೆಯಿಂದ ಒಳಗಿನ ಪುಟ್ಟ ಸ್ವಿಚ್ ಹೊರಮುಖವಾಗಿ ಸರಿದು ಅದನ್ನು ಎಬ್ಬಿಸುತ್ತದೆ. ಆದುದರಿಂದ ಶೆಡ್ಡಿನಲ್ಲಿ ನಿಂತ ಕಾರಿನ ಪರದೆಯಲ್ಲಿ ಒತ್ತಡ ಕಾಣದಿದ್ದರೆ ಗಾಬರಿಯಾಗದೆ, ಮೊದಲು ಹತ್ತು ನಿಮಿಷ ಓಡಿಸಿ ನೋಡಬೇಕು.

ಪ್ರತಿ ಸೆನ್ಸರ್‌ಗೂ ತನ್ನದೇ ಗುರುತಿನ ಸಂಖ್ಯೆಯಿದೆ. ಹೊಸದನ್ನು ಹಾಕಿದಾಗ ಕಾರಿಗೆ ಪರಿಚಯ ಮಾಡಿಸಬೇಕು: ಚಾಲಕನ ಬದಿಯ ಮುಂದಿನ ಚಕ್ರ, ಆಮೇಲೆ ಇನ್ನೊಂದು ಬದಿಯ ಮುಂದಿನದು, ಅದೇ ಬದಿಯ ಹಿಂದಿನದು, ಕೊನೆಗೆ ಚಾಲಕನ ಬದಿಯ ಹಿಂದಿನದು. ಹಾಜರಿ ಕರೆದಂತೆ, ಒಂದೊಂದು ದಾಖಲಾದಾಗಲೂ ಹಾರ್ನ್ 'ಪೀ' ಎನ್ನುತ್ತದೆ.

ದೀಪ ಹೊತ್ತಿದ್ದೆಲ್ಲ ಪಂಕ್ಚರ್ ಅಲ್ಲ

ಈ ಕಾರಿನ ತಣ್ಣನೆಯ ಟೈರಿಗೆ ಹೇಳಿರುವ ಒತ್ತಡ ಚದರ ಅಂಗುಲಕ್ಕೆ 30 ಪೌಂಡು. 27 ಡಿಗ್ರಿ ಸೆಲ್ಸಿಯಸ್ ಇರುವ ದಿನ ಗಾಳಿ ತುಂಬಿಸಿ, ಚಳಿಗಾಲದ ಬೆಳಿಗ್ಗೆ ಸೊನ್ನೆ ಡಿಗ್ರಿಯಲ್ಲಿ ನೋಡಿದರೆ ಎಷ್ಟಿರುತ್ತದೆ? ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ನಿರಪೇಕ್ಷ ತಾಪಕ್ಕೆ ಅನುಗುಣವಾಗಿರುತ್ತದೆ. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ 30ನ್ನು 273ರಿಂದ ಗುಣಿಸಿ 300ರಿಂದ ಭಾಗಿಸಿಬಿಡುತ್ತಾರೆ. ಅದು ತಪ್ಪು. ಮೀಟರು ತೋರಿಸುವುದು ವಾಯುಮಂಡಲಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ವಾಯುಮಂಡಲದ 14.7ನ್ನು ಕೂಡಿಸಿದರೆ ನಿಜವಾದ ಒತ್ತಡ 44.7. ಅದನ್ನು 273ರಿಂದ ಗುಣಿಸಿ 300ರಿಂದ ಭಾಗಿಸಿದರೆ ಸುಮಾರು 40.7. ಮತ್ತೆ 14.7 ಕಳೆದರೆ 26. ಒಂದು ಮುಳ್ಳೂ ಚುಚ್ಚದೆ ನಾಲ್ಕು ಪೌಂಡು ಇಳಿಯಿತು! ಚಳಿ ಇನ್ನೂ ಹೆಚ್ಚಿದರೆ ದೀಪ ಹೊತ್ತಬಹುದು. ನಾಲ್ಕೂ ಚಕ್ರಗಳಲ್ಲಿ ಒಟ್ಟಿಗೆ ಇಳಿದಿದ್ದರೆ ಚಳಿಯ ಕೆಲಸ, ಒಂದರಲ್ಲಿ ಮಾತ್ರ ಇಳಿದಿದ್ದರೆ ತೂತಿನ ಕೆಲಸ ಎಂದು ಅನುಮಾನಿಸಬೇಕು. ಎರಡರಲ್ಲಿ ಯಾವುದೇ ಆಗಲಿ, ಗಾಳಿ ತುಂಬಿಸಲೇಬೇಕು.

ಕಿವಿಯೇ ಕೆಟ್ಟಾಗ

ಒಂದು ಚಕ್ರದ ಅಂಕಿ ಮಾತ್ರ ಕಾಣದಿದ್ದರೆ ಆ ಸೆನ್ಸರಿನ ದೋಷ. ಒಂದು ರಿಮೋಟ್ ಮಾತ್ರ ಕೆಟ್ಟರೆ ಆ ರಿಮೋಟಿನದು. ಎರಡೂ ರಿಮೋಟ್ ದೂರದಿಂದ ಕೆಲಸ ಮಾಡುತ್ತಿಲ್ಲ, ನಾಲ್ಕು ಚಕ್ರಗಳ ಅಂಕಿಯೂ ಮಾಯವಾಗಿದೆ ಎಂದಾದರೆ? ಆರು ಸೆಲ್‌ಗಳು ಒಂದೇ ದಿನ ಸಾಯುವ ಸಂಭವ ತೀರ ಕಡಿಮೆ. ಆರಕ್ಕೂ ಸಮಾನವಾದದ್ದು ಕಿವಿ ಒಂದೇ. ಹತ್ತಿರದ ಪ್ರಬಲ ರೇಡಿಯೊ ಪ್ರೇಷಕ, ಕಾರಿಗೆ ಸಿಕ್ಕಿಸಿದ ಕಳಪೆ ಮೊಬೈಲ್ ಚಾರ್ಜರ್ ಮುಂತಾದವುಗಳ ಗದ್ದಲದಿಂದಲೂ ಅದಕ್ಕೆ ಏನೂ ಕೇಳಿಸದಿರಬಹುದು. ಚಾರ್ಜರ್ ಕಿತ್ತು, ಕಾರನ್ನು ಬೇರೆ ಕಡೆ ನಿಲ್ಲಿಸಿ ನೋಡಿದ ಮೇಲೆಯೇ ರಿಸೀವರನ್ನು ದೂರಬೇಕು.

ಕಾರಿನ 12 ವೋಲ್ಟ್ ಬ್ಯಾಟರಿಯೇ ಸತ್ತರೆ ಯಾವ ಗುಂಡಿಯೂ ಕೆಲಸ ಮಾಡದು. ಈ ಕಾರಿನ ಹೆಚ್ಚಿನ ಮಾದರಿಗಳಲ್ಲಿ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗೆ. ಬಾನೆಟ್ ತೆರೆಯಬೇಕಾದರೆ ಒಳಗೆ ಹೋಗಬೇಕು. ಅದಕ್ಕಾಗಿ ಕಾರಿನ ಹಿಂದೆ, ನಂಬರ್ ಪ್ಲೇಟಿನ ಮೇಲ್ಭಾಗದಲ್ಲಿ ಲೋಹದ ಕೀಲಿಕೈಯ ರಂಧ್ರವಿದೆ. ಅದರಿಂದ ಡಿಕ್ಕಿ ತೆರೆದು, ಒಳಗೆ ಚಾಲಕನ ಬದಿಯಲ್ಲಿರುವ ಪಟ್ಟಿಯನ್ನು ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ.

ಒಳಗೆ ಕೂತಿರುವಾಗಲೇ ಬ್ಯಾಟರಿ ಕೈಕೊಟ್ಟರೆ? 2015ರ ಜೂನ್‌ನಲ್ಲಿ ಟೆಕ್ಸಾಸ್ ರಾಜ್ಯದ ಪೋರ್ಟ್ ಆರ್ಥರ್‌ನಲ್ಲಿ 2007ರ ಮಾದರಿಯ ಕಾರ್ವೆಟ್ಟಿನೊಳಗೆ ವೃದ್ಧರೊಬ್ಬರು ತಮ್ಮ ನಾಯಿಯೊಂದಿಗೆ ಸಿಕ್ಕಿಬಿದ್ದರು. ಬ್ಯಾಟರಿಯ ತಂತಿ ಸಡಿಲವಾಗಿ ವಿದ್ಯುತ್ ನಿಂತಿತ್ತು ಎಂದು ಪೊಲೀಸರು ಹೇಳಿದರು. ಬಾಗಿಲಿನ ಗುಂಡಿ ಕೆಲಸ ಮಾಡಲಿಲ್ಲ, ಹಾರ್ನ್ ಕೂಗಲಿಲ್ಲ. ಬೇಸಿಗೆಯ ಬಿಸಿಲಿಗೆ ಇಬ್ಬರೂ ಸತ್ತರು. ವಿದ್ಯುತ್ತಿನ ಹಂಗಿಲ್ಲದೆ ಬಾಗಿಲು ತೆರೆಯುವ ಹಿಡಿ ಆಸನದ ಪಕ್ಕದಲ್ಲಿ, ಕಾರಿನ ನೆಲದ ಮೇಲೆಯೇ ಇತ್ತು. ಕಾರಿನ ಕೈಪಿಡಿಯಲ್ಲಿ ಅದರ ವಿವರವೂ ಇದೆ.

ನಮ್ಮ ಮನೆಗಳಲ್ಲಿ

ಕಾರ್ವೆಟ್ ನಮ್ಮ ಊರುಗಳಲ್ಲಿ ಅಪರೂಪ. ಆದರೆ ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳು ಈಗ ಸಣ್ಣ ಊರುಗಳಿಗೂ ಬಂದಿವೆ. ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ, ದುರಸ್ತಿ ಕಿಟ್ ಮತ್ತು ಟ್ಯೂಬ್ ಇಲ್ಲದ ಟೈರು ಇರುವ ಕಾರುಗಳಿಗೆ 2020ರ ಅಕ್ಟೋಬರ್‌ನಿಂದ ಭಾರತದಲ್ಲಿ ಸ್ಟೆಪ್ನಿ ಕಡ್ಡಾಯವಲ್ಲ. ಅಂಥ ಕಾರಿನಲ್ಲಿ ಎಚ್ಚರಿಕೆಯ ದೀಪವನ್ನು ಅಲಕ್ಷಿಸುವಂತಿಲ್ಲ.

ತಂದೆತಾಯಿಯರು ಗಮನಿಸಬೇಕಾದ ಇನ್ನೊಂದು ಮಾತಿದೆ. ರಿಮೋಟಿನಿಂದ ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬಾರದು. ಪುಟ್ಟ ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರ ಸುಟ್ಟಗಾಯವಾಗಬಹುದು. ರಿಮೋಟಿಗೆ ಸಾಲದ ಸೆಲ್ಲಿನಲ್ಲೂ ಅಷ್ಟು ವಿದ್ಯುತ್ ಉಳಿದಿರುತ್ತದೆ. ಜೊಲ್ಲಿನ ತೇವದಲ್ಲಿ ಅದು ಹರಿದು ಪ್ರಬಲ ಕ್ಷಾರ ಉಂಟಾಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತೆಗೆದ ಸೆಲ್ಲಿಗೆ ಎರಡೂ ಕಡೆ ಅಂಟುಪಟ್ಟಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಈ ಭಾನುವಾರ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಮನೆಯಲ್ಲೋ ನೆಂಟರಲ್ಲೋ ಗುಂಡಿ ಒತ್ತಿ ಚಾಲೂ ಮಾಡುವ ಕಾರಿದ್ದರೆ ಅದರ ಕೈಪಿಡಿ ತೆರೆದು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ರಿಮೋಟಿನ ಸೆಲ್ ಸತ್ತರೆ ಹೊರಗಿನಿಂದ ಬಾಗಿಲು ತೆರೆಯುವುದು ಹೇಗೆ? ಆಗ ಎಂಜಿನ್ ಚಾಲೂ ಮಾಡಲು ರಿಮೋಟನ್ನು ಎಲ್ಲಿ ಹಿಡಿಯಬೇಕು? ವಿದ್ಯುತ್ ಪೂರ್ತಿ ನಿಂತರೆ ಒಳಗಿನಿಂದ ಹೊರಬರುವುದು ಹೇಗೆ? ಉತ್ತರ ಸಿಕ್ಕ ಮೇಲೆ ಹಿರಿಯರ ಎದುರಿನಲ್ಲೇ ಮೂರನ್ನೂ ಒಂದೊಂದು ಸಲ ಮಾಡಿ ನೋಡಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಕೈಯಿಂದಲೂ ಮಾಡಿಸಬೇಕು.